ನಿಮ್ಮಲ್ಲಿ ಎಷ್ಟು ಸೆಂಟು?

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಬೇಲಿ ಮಾತಿನ ಮೊದಲ ಸಾಲೇ ಬದಲಾಗುತ್ತದೆ. ‘ತಿಂಡಿ ಆಯ್ತಾ’ ಹೋಗಿ ‘ಮೋಡ ಏನಾದ್ರೂ ಕಂಡಿತಾ’ ಬರುತ್ತದೆ. ಮೊನ್ನೆ ಬೆಳಗ್ಗೆ ಉಣುಗೋಲಿನ ಹತ್ತಿರ ದಾಸವಾಳಕ್ಕೆ ನೀರು ಹಾಕುತ್ತಿದ್ದೆ. ಆಚೆ ತೋಟದ ಗೌಡರು ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದರು. ಅವರ ಹಿಂದೆ ಕಣದ ತುಂಬ ಕಾಳುಮೆಣಸು ಒಣಗುತ್ತಿತ್ತು.

“ಮೇಷ್ಟ್ರೆ, ನೋಡಿದ್ರಾ? ಮಾರ್ಚ್‌ನಿಂದ ಮೇವರೆಗೆ ಬಿಸಿಲು ವಾಡಿಕೆಗಿಂತ ಜಾಸ್ತಿಯಂತೆ. ಮಳೆ ವಾಡಿಕೆಯಷ್ಟಂತೆ.”

“ಮಳೆ ಕಮ್ಮಿ ಅಂತ ಹೇಳಿಲ್ಲವಲ್ಲ ಗೌಡ್ರೆ, ಅಷ್ಟು ಸಾಕು.”

“ಅದು ಸರಿ ಮಾರಾಯ್ರೆ. ಆದ್ರೆ ನಾನು ನಾಳೆ ಜೆಟ್ ಹಾಕ್ಲೋ, ಮಳೆ ಕಾಯ್ಲೋ? ಅದನ್ನ ಎಲ್ಲಿ ಹೇಳಿದ್ದಾರೆ?”

ಅವರು ಕೇಳಿ ಮರೆತರು. ಮೆಣಸಿಗೆ ಕೈಯಾಡಿಸಲು ಹೋದರು. ನನಗೆ ಮಾತ್ರ ನಾಲ್ಕು ದಿನದಿಂದ ಅದೇ ಪ್ರಶ್ನೆ ತಲೆಯಲ್ಲಿದೆ. ಮೂರು ತಿಂಗಳಿಗೆ, ಇಡೀ ಒಂದು ಸೀಮೆಗೆ ಹೇಳುವ ಭವಿಷ್ಯ ಒಂದು ಕಡೆ. ಒಂದು ದಿನಕ್ಕೆ, ಒಂದು ತೋಟಕ್ಕೆ ಬೇಕಾದ ಉತ್ತರ ಇನ್ನೊಂದು ಕಡೆ. ನಮ್ಮ ವಸಂತಕಾಲ ಇವೆರಡರ ನಡುವೆಯೇ ಕಳೆಯುತ್ತದೆ.

ಕಾಫಿ ಸೀಮೆಯವರಲ್ಲದವರಿಗೆ ಈ ಜೆಟ್ಟಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕೊಯ್ಲು ಮುಗಿದ ಮೇಲೆ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತದೆ. ಎಷ್ಟು ಬಿಸಿಲಿದ್ದರೂ ಆ ಮೊಗ್ಗು ತಾನಾಗಿ ಅರಳುವುದಿಲ್ಲ. ಅದಕ್ಕೆ ಒಂದು ಒಳ್ಳೆಯ ಮಳೆ ಬೀಳಬೇಕು, ಸುಮಾರು ಒಂದು ಇಂಚು. ಅದು ಬಿದ್ದ ಎಂಟು–ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆರೆದರೆ ಮಲ್ಲಿಗೆಯ ಹಾಗಿನ ಘಮ ಒಳಗೆ ನುಗ್ಗುತ್ತದೆ. ಅದಕ್ಕೇ ಈ ಮಳೆಗೆ ಹೂಮಳೆ ಎಂದು ಹೆಸರು. ಎರಡು ಮೂರು ದಿನ ಹೂವಿನ ಹಬ್ಬ, ಆಮೇಲೆ ಹೂ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಅಷ್ಟರಲ್ಲಿ ಗಾಳಿಯೂ ಜೇನೂ ತಮ್ಮ ಕೆಲಸ ಮುಗಿಸಿರಬೇಕು. ರೋಬಸ್ಟಾ ಗಿಡಕ್ಕೆ ತನ್ನ ಪರಾಗ ತನಗೇ ಕೂಡಿಬರುವುದಿಲ್ಲ, ಪಕ್ಕದ ಗಿಡದ್ದೇ ಬರಬೇಕು. ಹೂ ಅರಳಿದ ದಿನವೇ ಜಡಿಮಳೆ ಸುರಿದರೆ ಪರಾಗವೆಲ್ಲ ತೊಳೆದುಹೋಗುತ್ತದೆ. ಇಷ್ಟೂ ಸರಿಹೋಯಿತು ಎನ್ನಿ, ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಕಾಯಿ ನಿಲ್ಲಿಸುವ ಆ ಮಳೆಗೆ ಇಲ್ಲಿ ಎಲ್ಲರೂ ‘ಬ್ಯಾಕಿಂಗ್’ ಎನ್ನುತ್ತಾರೆ. ಕೂಲಿಗೆ ಬರುವ ಹೆಂಗಸರೂ ‘ಹೂವಿಗೇನೋ ಬಂತು, ಬ್ಯಾಕಿಂಗ್ ಬರ್ಲಿಲ್ಲವಲ್ಲ ಅಯ್ಯ’ ಎಂದು ನಮ್ಮ ಜೊತೆ ನಿಟ್ಟುಸಿರು ಬಿಡುತ್ತಾರೆ.

ಮಳೆ ಬಾರದಿದ್ದರೆ ಒಂದು ಕಷ್ಟ, ಅರೆಬರೆ ಬಂದರೆ ಅದಕ್ಕಿಂತ ದೊಡ್ಡ ಕಷ್ಟ. ಇಪ್ಪತ್ತು ಸೆಂಟೋ ಮೂವತ್ತು ಸೆಂಟೋ ಹನಿಸಿ ನಿಂತುಬಿಟ್ಟರೆ ಮೊಗ್ಗು ಎಚ್ಚರವಾಗುತ್ತದೆ, ಪೂರ್ತಿ ಅರಳಲು ಕಸುವು ಸಾಲದೆ ಗುಲಾಬಿ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತದೆ. ಪಿಂಕ್ ಆಯಿತು ಎಂದರೆ ಆ ಮೊಗ್ಗಿನ ಫಸಲು ಆ ವರ್ಷಕ್ಕೆ ಹೋಯಿತು. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಪೇಪರಿನವರು ಮಿಲಿಮೀಟರಿನಲ್ಲಿ ಬರೆದರೂ ಕಾಫಿ ಬೆಳೆಗಾರರ ಬಾಯಲ್ಲಿ ಮಳೆ ಇವತ್ತಿಗೂ ಇಂಚು–ಸೆಂಟಿನಲ್ಲೇ ಬೀಳುತ್ತದೆ. ಮಳೆ ನಿಂತ ಅರ್ಧ ಗಂಟೆಗೆ ಫೋನುಗಳು ಹೊಡೆದುಕೊಳ್ಳುತ್ತವೆ. ಎಲ್ಲರದೂ ಒಂದೇ ಪ್ರಶ್ನೆ: ನಿಮ್ಮಲ್ಲಿ ಎಷ್ಟು ಸೆಂಟು?

ನೀರಿರುವವರು ಮಳೆ ಕಾಯುವುದಿಲ್ಲ. ಕೆರೆಗೋ ಹಳ್ಳಕ್ಕೋ ಮೋಟಾರು ಇಟ್ಟು, ಸ್ಪ್ರಿಂಕ್ಲರ್ ಜೆಟ್ ತಿರುಗಿಸಿ ಒಂದು–ಒಂದೂವರೆ ಇಂಚಿನ ಮಳೆಯನ್ನು ತಾವೇ ಸುರಿಸುತ್ತಾರೆ. ರೋಬಸ್ಟಾ ತೋಟಗಳಲ್ಲಿ ಇದೇ ಈಗ ರೂಢಿ. ಆದರೆ ಜೆಟ್ಟು ಒಂದೇ ದಿನದಲ್ಲಿ ತೋಟವೆಲ್ಲ ಸುತ್ತುವುದಿಲ್ಲ, ದಿನಕ್ಕಿಷ್ಟು ಎಂದು ಪೈಪು ಎತ್ತಿಟ್ಟುಕೊಂಡು ಹೋಗಬೇಕು. ಅರ್ಧ ತೋಟ ಮುಗಿದಿರುವಾಗ ಆಕಾಶದಿಂದ ಇಪ್ಪತ್ತು ಸೆಂಟು ಬಿತ್ತೋ, ಉಳಿದರ್ಧದ ಮೊಗ್ಗು ಕೆಡದ ಹಾಗೆ ರಾತ್ರಿ ಹಗಲು ನೀರು ಹೊಡೆಯಬೇಕು. ಜೆಟ್ ಹಾಕಿ ಮುಗಿಸಿದ ಮರುದಿನವೇ ಎರಡು ಇಂಚು ಸುರಿದರೆ ಡೀಸೆಲ್ಲೂ ಹೋಯಿತು, ಕೆರೆಯೂ ಬರಿದಾಯಿತು. ಕೆರೆ ಬರಿದಾದರೆ ಬ್ಯಾಕಿಂಗಿಗೆ ನೀರೆಲ್ಲಿ? ಗೌಡರಿಗೆ ಇನ್ನೂ ಒಂದು ಸಂಕಟ ಇತ್ತು. ಗಿಡಕ್ಕೆ ಮಳೆ ಬೇಕು, ಕಣದಲ್ಲಿರುವ ಮೆಣಸಿಗೆ ಬಿಸಿಲು ಬೇಕು. ಒಂದೇ ಮನುಷ್ಯ ಒಂದೇ ಆಕಾಶವನ್ನು ನೋಡಿ ಎರಡನ್ನೂ ಬೇಡುವ ತಿಂಗಳು ಇದು. 2021ರ ಜನವರಿಯಲ್ಲಿ ಕೊಯ್ಲಿನ ನಡುವೆಯೇ ಮಳೆ ಹೊಡೆದಾಗ ಕಣದಲ್ಲಿ ಕಾಫಿ ನೆನೆಯಿತು, ಗಿಡದಲ್ಲಿ ಹಣ್ಣಿನ ಪಕ್ಕದಲ್ಲೇ ಹೂ ಬಿಟ್ಟಿತು. ಹೂವನ್ನು ಉದುರಿಸದೆ ಹಣ್ಣು ಬಿಡಿಸುವುದು ಹೇಗೆ ಎಂದು ಆಳುಗಳು ಗಿಡದ ಮುಂದೆ ನಿಂತುಬಿಟ್ಟಿದ್ದರು.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗು, ಹಾಸನ ಎಂಬ ಮೂರು ಜಿಲ್ಲೆಗಳದ್ದು ಎಂದರೆ ಇನ್ನೂ ಸರಿ. ಇಷ್ಟು ದೊಡ್ಡ ಬೆಳೆಯ ಹಣೆಬರಹ ಬೇಸಿಗೆಯ ಎರಡು ಮಳೆಗಳ ಮೇಲೆ ನಿಂತಿದೆ. ಹಾಗಾದರೆ ಆ ಮೂರು ತಿಂಗಳ ಮುನ್ಸೂಚನೆಯಲ್ಲಿ ನಮಗೆ ಏನಿದೆ?

ಮೊದಲು, ಅದರಲ್ಲಿ ‘ವಸಂತ’ ಎಂಬ ಮಾತೇ ಇಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೇ ಕಾಲ. ಜನವರಿ–ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇ ಮುಂಗಾರು ಪೂರ್ವ, ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಉಳಿದದ್ದು ಹಿಂಗಾರು. ಚೈತ್ರ ವೈಶಾಖಗಳ ನಮ್ಮ ವಸಂತ ಋತು ಈ ‘ಮುಂಗಾರು ಪೂರ್ವ’ದ ಹೊಟ್ಟೆಯೊಳಗೆ ಕೂತಿದೆ. ಮುಂಗಾರಿಗೆ ಮುಂಚಿನದು ಎಂಬುದೇ ಅದರ ಹೆಸರು, ತನ್ನದೇ ಆದ ಹೆಸರಿಲ್ಲ. ನನಗೆ ಇದು ಸರಿಯೆನಿಸುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನವನಿಗೆ ಈ ಕಾಲ ಯಾವುದರ ಪೂರ್ವವೂ ಅಲ್ಲ, ಇದೇ ಅವನ ವರ್ಷ. ನಮಗೂ ಅಷ್ಟೆ. ಬಯಲುಸೀಮೆಯ ನನ್ನ ನೆಂಟರು ಈ ಮಳೆಗೆ ಅಡ್ಡಮಳೆ ಎನ್ನುತ್ತಾರೆ. ಅದು ಬಿದ್ದರೆ ಮಾಗಿ ಉಳುಮೆ ಆಯಿತು, ದನಕ್ಕೆ ಹಸಿರು ಚಿಗುರಿತು.

ಮರುದಿನ ಗೌಡರು ಪೇಪರನ್ನು ಮತ್ತೆ ತಂದರು. “ಅಲ್ಲ ಮೇಷ್ಟ್ರೆ, ವಾಡಿಕೆ ಮಳೆ ವಾಡಿಕೆ ಮಳೆ ಅಂತಾರಲ್ಲ, ಯಾರ ವಾಡಿಕೆ ಅದು?”

ಒಳ್ಳೆಯ ಪ್ರಶ್ನೆ. ಇಲಾಖೆ ಈಗ ಬಳಸುವುದು 1971ರಿಂದ 2020ರವರೆಗಿನ ಐವತ್ತು ವರ್ಷಗಳ ಸರಾಸರಿ. ಇಡೀ ದೇಶದ ಮುಂಗಾರಿಗೆ ಆ ಲೆಕ್ಕ 87 ಸೆಂಟಿಮೀಟರ್. ಹೀಗೆ ಪ್ರತಿ ಸೀಮೆಗೂ ಪ್ರತಿ ಕಾಲಕ್ಕೂ ಒಂದು ವಾಡಿಕೆ ಇದೆ. ಮುನ್ಸೂಚನೆ ಹೇಳುವವರು ಹಿಂದಿನ ಬೇಸಿಗೆಗಳನ್ನು ಮಳೆಯ ಪ್ರಕಾರ ಸಾಲಾಗಿ ನಿಲ್ಲಿಸಿ ಮೂರು ಸಮಪಾಲು ಮಾಡುತ್ತಾರೆ. ಕಡಿಮೆ ಬಿದ್ದವು ಒಂದು ಪಾಲು, ನಡುವಿನವು ಒಂದು, ಹೆಚ್ಚು ಬಿದ್ದವು ಒಂದು. ಏನೂ ಗೊತ್ತಿಲ್ಲದಿದ್ದರೆ ಬರುವ ಬೇಸಿಗೆ ಈ ಮೂರರಲ್ಲಿ ಯಾವುದಕ್ಕೆ ಬೇಕಾದರೂ ಸೇರಬಹುದು, ಪ್ರತಿಯೊಂದಕ್ಕೂ ನೂರಕ್ಕೆ ಮೂವತ್ತಮೂರು ಸಾಧ್ಯತೆ. ಸಮುದ್ರದ ಬಿಸಿ, ಗಾಳಿಯ ಚಲನೆ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಲೆಕ್ಕ ಹಾಕಿದ ಮೇಲೆ ಆ ಮೂವತ್ತಮೂರು ಎಲ್ಲೋ ನಲವತ್ತೈದು ಆಗುತ್ತದೆ, ಐವತ್ತೈದು ಆಗುತ್ತದೆ. ‘ಹೆಚ್ಚು ಮಳೆಯ ಸಾಧ್ಯತೆ’ ಎಂದು ಪೇಪರಿನಲ್ಲಿ ಬರುವುದು ಇದೇ. ನೂರಕ್ಕೆ ನಲವತ್ತೈದು ಎಂದರೆ ಉಳಿದ ಐವತ್ತೈದು ಬೇರೆ ಕಡೆಗಿದೆ ಎಂದೂ ಅರ್ಥ. ತಲೆಬರಹಕ್ಕೆ ಬರುವ ಹೊತ್ತಿಗೆ ಆ ಅಂಕಿ ಕಳಚಿಬಿದ್ದು ‘ಈ ಬೇಸಿಗೆ ಭಾರಿ ಮಳೆ’ ಎಂದಾಗಿರುತ್ತದೆ. ಬಾರದಿದ್ದರೆ ಬೈಗುಳ ಇಲಾಖೆಗೆ.

“ಅಂದ್ರೆ ಅವರು ನಮ್ಗೆ ಮಾತು ಕೊಟ್ಟಿದ್ದಲ್ಲ, ತಕ್ಕಡಿ ಎತ್ಲಾಗೆ ವಾಲಿದೆ ಅಂತ ಹೇಳಿದ್ದು” ಎಂದರು ಗೌಡರು. ನಾನು ಮೂವತ್ತು ವರ್ಷ ಪಾಠ ಹೇಳಿದವನು, ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಎರಡನೆಯದು ಸೀಮೆಯ ಮಾತು. ಇಲಾಖೆ ದೇಶವನ್ನು 36 ಹವಾಮಾನ ಉಪವಿಭಾಗ ಮಾಡಿದೆ. ಅದರಲ್ಲಿ ನಮ್ಮ ರಾಜ್ಯಕ್ಕೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮಲೆನಾಡು ಎಂಬ ಪ್ರತ್ಯೇಕ ಉಪವಿಭಾಗ ಇಲ್ಲ, ನಾವು ದಕ್ಷಿಣ ಒಳನಾಡಿನೊಳಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಆಗುಂಬೆಯೂ ದಕ್ಷಿಣ ಒಳನಾಡೇ, ಐನೂರರ ಆಸುಪಾಸಿನಲ್ಲಿ ಬದುಕುವ ಚಳ್ಳಕೆರೆಯೂ ದಕ್ಷಿಣ ಒಳನಾಡೇ. ಇವೆರಡನ್ನೂ ಒಂದು ಪಂಕ್ತಿಯಲ್ಲಿ ಕೂರಿಸಿ ‘ವಾಡಿಕೆಯಷ್ಟು’ ಎಂದು ಬಡಿಸಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಮಾತ್ರ ಮಲೆನಾಡನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಅದು ಸರಿಯಾದ ಕ್ರಮ.

ಇನ್ನು ಈ ಮಳೆಯ ಜಾಯಮಾನ. ಮಳೆಗಾಲದ ಮಳೆ ಪಡುವಲಿನಿಂದ ದಂಡೆತ್ತಿ ಬರುತ್ತದೆ, ಬಂದರೆ ಊರಿಗೆಲ್ಲ. ಬೇಸಿಗೆಯ ಮಳೆ ಹಾಗಲ್ಲ. ಬೆಳಗಿನಿಂದ ನೆಲ ಕಾದು, ಅರಬ್ಬೀ ಸಮುದ್ರದ ತೇವ ಒಂದು ಕಡೆಯಿಂದ, ಬಂಗಾಳ ಕೊಲ್ಲಿಯ ತೇವ ಇನ್ನೊಂದು ಕಡೆಯಿಂದ ಒಳನಾಡಿನ ಮೇಲೆ ಎದುರಾಗುತ್ತವೆ. ಅವು ಸಂಧಿಸುವ ಗೆರೆಗುಂಟ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೂಡು ದಿಕ್ಕಿನಲ್ಲಿ ಹೂಕೋಸಿನ ಹಾಗೆ ಮೋಡ ಒಟ್ಟಿಕೊಳ್ಳುತ್ತದೆ. ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಒಂದು ತಾಸಿನಲ್ಲಿ ಮುಗಿಯಿತು. ಆ ಮೋಡದ ಅಗಲ ಎಷ್ಟೋ ಸಲ ಕೆಲವೇ ಕಿಲೋಮೀಟರು. ಎತ್ತಿನ ಒಂದು ಕೊಂಬಿಗೆ ಬಿದ್ದ ಮಳೆ ಇನ್ನೊಂದು ಕೊಂಬಿಗಿಲ್ಲ ಎಂದು ಹಳಬರು ಹೇಳಿದ್ದು ಇದನ್ನು ಕಣ್ಣಾರೆ ಕಂಡೇ. ಇಂಥ ಮೋಡ ಯಾವ ಗುಡ್ಡದ ನೆತ್ತಿಯಲ್ಲಿ ಏಳುತ್ತದೆ ಎಂದು ಮೂರು ತಿಂಗಳ ಮೊದಲು ಯಾವ ಯಂತ್ರವೂ ಹೇಳಲಾರದು. ಐದು ದಿನ ಮೊದಲು ಜಿಲ್ಲೆಯ ಮಟ್ಟಿಗೆ ಹೇಳಬಹುದು. ಎರಡು ಮೂರು ತಾಸು ಮೊದಲು ರೇಡಾರು ನೋಡಿ ಹೋಬಳಿಯ ಮಟ್ಟಿಗೆ ಹೇಳಬಹುದು. ನನ್ನ ಫೋನಿನ ಒಂದು ಆ್ಯಪು ಹೋದ ವರ್ಷ ಇಡೀ ದಿನ ನಗುವ ಸೂರ್ಯನ ಚಿತ್ರ ತೋರಿಸಿತು. ಸಂಜೆ ನಾಲ್ಕಕ್ಕೆ ಕಲ್ಲುಮಳೆ ಬಿದ್ದು ನಮ್ಮ ಮಾವಿನ ಮಿಡಿಯೆಲ್ಲ ಅಂಗಳದಲ್ಲಿತ್ತು. ಅಂದಿನಿಂದ ನಾನು ಎಲ್ಲಿಂದಲೋ ಬರುವ ಚಿತ್ರಗಳನ್ನು ಬಿಟ್ಟು, ಜಿಲ್ಲೆಯ ಹೆಸರು ಹಿಡಿದು ಹೇಳುವ ಇಲಾಖೆಯ ಮಾತನ್ನೇ ಕೇಳುತ್ತೇನೆ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಎಂಬ ಆ್ಯಪು ಇದೆ, ಪುಣೆಯ ಹವಾಮಾನ ಸಂಸ್ಥೆ ಮಾಡಿದ್ದು. ಕೂಲಿಯವರು ತೋಟದಲ್ಲಿರುವಾಗ ಅದನ್ನು ತೆರೆದಿಟ್ಟಿರುವುದು ನನ್ನ ಮಟ್ಟಿಗೆ ಧರ್ಮದ ಕೆಲಸ. ಸಿಲ್ವರ್ ಮರದ ಕೆಳಗೆ ನಿಂತವರನ್ನು ಸಿಡಿಲು ಬಿಡುವುದಿಲ್ಲ.

ಗೌಡರ ಮನೆಯಲ್ಲಿ ಇದಕ್ಕಿಂತ ಹಳೆಯ ಭವಿಷ್ಯಗಳೂ ಇವೆ. ಯುಗಾದಿಯ ದಿನ ಪಂಚಾಂಗ ಓದಿಸುತ್ತಾರೆ. ಆ ವರ್ಷದ ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು, ಮಳೆ ಎಷ್ಟು ಕೊಳಗ ಎಲ್ಲ ಅದರಲ್ಲಿರುತ್ತದೆ. ಅದರೊಳಗಿನ ಒಂದು ಕ್ರಮ ನನಗೆ ಬಹಳ ಮೆಚ್ಚಿಗೆ. ಬರುವ ಮಳೆಯನ್ನು ಪಾಲು ಹಾಕುತ್ತಾರೆ: ಸಮುದ್ರಕ್ಕಿಷ್ಟು, ಪರ್ವತಕ್ಕಿಷ್ಟು, ಭೂಮಿಗಿಷ್ಟು. ಒಟ್ಟು ಮಳೆ ಬೇರೆ, ನಮ್ಮ ಹೊಲಕ್ಕೆ ಬಿದ್ದ ಮಳೆ ಬೇರೆ ಎಂಬುದನ್ನು ಪಂಚಾಂಗದವರು ಮರೆತಿರಲಿಲ್ಲ.

ಮಳೆ ನಕ್ಷತ್ರಗಳ ಲೆಕ್ಕವಂತೂ ನಮ್ಮ ಇಡೀ ಒಕ್ಕಲುತನದ ಬೆನ್ನೆಲುಬು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ. ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ಉತ್ತರದವರು. ಇವು ಜ್ಯೋತಿಷ್ಯ ಅಲ್ಲ, ತಲೆಮಾರುಗಳ ಅನುಭವದ ದಾಖಲೆ. ಯಾವ ಹದಿನಾಲ್ಕು ದಿನದ ಮಳೆಗೆ ಏನು ಬೆಲೆ ಎಂದು ಬರೆದಿಟ್ಟುಕೊಳ್ಳಲು ಕಾಗದವಿಲ್ಲದ ಕಾಲದಲ್ಲಿ ನಾಲಗೆಯ ಮೇಲೆ ಬರೆದಿಟ್ಟದ್ದು. ಒಂದು ಸಂಗತಿ ಮಾತ್ರ ನೆನಪಿಡಬೇಕು. ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಎಪ್ಪತ್ತು ವರ್ಷಕ್ಕೆ ಸುಮಾರು ಒಂದು ದಿನದ ಹಾಗೆ ದೂರವಾಗುತ್ತಾ ಹೋಗುತ್ತವೆ. ಏಳು ನೂರು ವರ್ಷದ ಹಿಂದಿನ ಗಾದೆಯಾದರೆ ಈಗ ಅದು ಹತ್ತು ದಿನ ಜಾರಿರುತ್ತದೆ. ಗಾದೆ ಸುಳ್ಳಾಗಿಲ್ಲ, ಅದರ ಗಡಿಯಾರ ಸ್ವಲ್ಪ ಹಿಂದೆ ಬಿದ್ದಿದೆ.

ನನ್ನ ನೌಕರಿಯ ಮೊದಲ ವರ್ಷಗಳು ಹೂವಿನಹಡಗಲಿ ಕಡೆ. ಅಲ್ಲಿ ಮೈಲಾರಲಿಂಗನ ಕಾರಣಿಕ ನೋಡಿದ್ದೇನೆ. ಭರತ ಹುಣ್ಣಿಮೆಯ ಜಾತ್ರೆ, ಕಣ್ಣು ಹಾಯುವವರೆಗೆ ಜನ, ಗಾಡಿ, ಕಂಬಳಿ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟೂ ಜನ ಒಂದು ಉಸಿರಿನ ಹಾಗೆ ಸುಮ್ಮನಾಗುತ್ತಾರೆ. ಅವನು ಒಂದೇ ಒಂದು ಮಾತು ಹೇಳಿ ಮೇಲಿನಿಂದ ಬಿದ್ದುಬಿಡುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಊರೂರಿನ ಕಟ್ಟೆಯ ಮೇಲೆ ಆ ಒಂದು ಮಾತಿಗೆ ಮಳೆಯೋ ಬರವೋ ಎಂದು ಅರ್ಥ ಬಿಡಿಸುತ್ತಾರೆ. ಆ ಮೌನದಲ್ಲಿ ನಿಂತವನಿಗೆ ಗೊತ್ತು, ಒಣ ಬೇಸಾಯದವನಿಗೆ ಮುಂದಿನ ಮಳೆಯ ಮಾತು ಎಂದರೆ ಏನು ಎಂದು. ಬಿತ್ತನೆಯ ಬೀಜ ಕೊಳ್ಳುವುದೋ, ಮಗಳ ಮದುವೆ ಮುಂದೂಡುವುದೋ, ದನ ಮಾರುವುದೋ ಎಲ್ಲ ಅದರ ಮೇಲೆ ನಿಂತಿರುತ್ತದೆ.

ಸರ್ಕಾರದ ಮುನ್ಸೂಚನೆ ಹುಟ್ಟಿದ್ದೂ ಇಂಥ ಹಸಿವಿನ ನಡುವೆಯೇ. ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ಧಾತು ಸಂವತ್ಸರದ ಬರ, ಅದರ ಹಿಂದೆ ಈಶ್ವರ ಸಂವತ್ಸರದ ಬರ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆಯೇ ಎಂದು ನೋಡುತ್ತಾ ಹೋಗಿ 1886ರಲ್ಲಿ ಮೊದಲ ಅಧಿಕೃತ ಮುನ್ಸೂಚನೆ ಕೊಟ್ಟ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತದ ಮನುಷ್ಯ. ನಮ್ಮ ಮಳೆಯ ಬೇರು ಪೆಸಿಫಿಕ್ ಸಾಗರದ ಗಾಳಿಯೊತ್ತಡದಲ್ಲೂ ಇದೆ ಎಂದು ಅಂಕಿಗಳ ರಾಶಿಯಿಂದ ಹೆಕ್ಕಿ ತೋರಿಸಿದ. ಇವತ್ತು ಪೇಪರಿನಲ್ಲಿ ಎಲ್ ನಿನೊ, ಲಾ ನಿನಾ ಎಂದು ಓದುವುದು ಆ ದಾರಿಯ ಮುಂದುವರಿಕೆ. ಆ ವಿದ್ಯೆಗೂ ವಸಂತವೇ ಕಷ್ಟದ ಕಾಲ. ಮಾರ್ಚ್–ಮೇ ಹೊತ್ತಿನಲ್ಲಿ ಪೆಸಿಫಿಕ್ ಯಾವ ಕಡೆ ಹೊರಳುತ್ತದೆ ಎಂದು ಹೇಳುವುದು ವರ್ಷದ ಬೇರೆಲ್ಲ ತಿಂಗಳಿಗಿಂತ ಅನಿಶ್ಚಿತ. ಪ್ರಪಂಚದ ಹವಾಮಾನ ತಜ್ಞರೆಲ್ಲ ಇದನ್ನು ವಸಂತದ ಅಡ್ಡಗೋಡೆ ಎಂದೇ ಒಪ್ಪಿಕೊಂಡಿದ್ದಾರೆ. ಏಪ್ರಿಲ್ ನಡುವಿನಲ್ಲಿ ಮುಂಗಾರಿನ ಮೊದಲ ಅಂದಾಜು ಹೇಳಿ ಮೇ ಕೊನೆಗೆ ಅದನ್ನೇ ತಿದ್ದಿ ಹೇಳುವುದಕ್ಕೆ ಇದೂ ಒಂದು ಕಾರಣ.

2024 ಮತ್ತು 2025ರ ಬೇಸಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮುನ್ಸೂಚನೆಯ ಬಲವೂ ಮಿತಿಯೂ ತಿಳಿಯುತ್ತದೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. 2024ರ ಬೇಸಿಗೆ ವಾಡಿಕೆಗಿಂತ ಬಿಸಿ ಎಂದು ಇಲಾಖೆ ಮಾರ್ಚ್ ಆರಂಭದಲ್ಲೇ ಹೇಳಿತು. ಹಾಗೇ ಆಯಿತು. ಏಪ್ರಿಲ್ 28ರಂದು ಬೆಂಗಳೂರು 38.5 ಡಿಗ್ರಿ ಮುಟ್ಟಿತು. ಇಲ್ಲಿ ಎಷ್ಟೋ ತೋಟಗಳಲ್ಲಿ ಎಲೆ ಬಾಡಿ ನೇತುಬಿದ್ದವು, ಮೆಣಸಿನ ಬಳ್ಳಿ ಮರದ ಮೇಲೇ ಒಣಗಿತು. ಗೌಡರ ಕೆರೆಯ ತಳದ ಕೆಸರು ಸೀಳುಬಿಟ್ಟದ್ದನ್ನು ನಾನೇ ನೋಡಿದೆ. 2025ರಲ್ಲೂ ದೇಶದ ಬಹುಭಾಗಕ್ಕೆ ಬಿಸಿಲು ಹೆಚ್ಚೆಂದೇ ಹೇಳಿದ್ದರು. ಆದರೆ ಮೇ ತಿಂಗಳಲ್ಲಿ ರಾಜ್ಯ ತೊಯ್ದು ತೊಪ್ಪೆಯಾಯಿತು. ಮುಂಗಾರು ಪೂರ್ವ ಮಳೆ ವಾಡಿಕೆಯ ಎರಡು ಪಟ್ಟಿಗೂ ಮೀರಿ ಬಿತ್ತು, ಮುಂಗಾರು ಜೂನ್ ಒಂದಕ್ಕೆ ಕಾಯದೆ ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಮೊದಲ ವರ್ಷ ಮುನ್ಸೂಚನೆಯನ್ನು ನಂಬಿ ಕೆರೆಯ ನೀರು ಉಳಿಸಿಕೊಂಡವರು ಬದುಕಿದರು. ಎರಡನೇ ವರ್ಷ ಮೂರು ತಿಂಗಳ ಮಾತನ್ನೇ ಹಿಡಿದು ಕೂರದೆ ವಾರವಾರದ ಮಾತನ್ನೂ ಕೇಳುತ್ತಿದ್ದವರು ಗೊಬ್ಬರವನ್ನು ಮಳೆಗೆ ಕೊಡದೆ ಉಳಿಸಿಕೊಂಡರು.

ಹಾಗಾಗಿ ಗೌಡರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮೂರು ತಿಂಗಳ ಮುನ್ಸೂಚನೆ ಕೆರೆಯ ವಿಚಾರಕ್ಕೆ: ಈ ವರ್ಷ ನೀರನ್ನು ಎಷ್ಟು ಬಿಗಿಹಿಡಿಯಬೇಕು, ನೆರಳಿನ ಮರದ ಕೊಂಬೆ ಎಷ್ಟು ಸವರಬೇಕು, ಹೊಸ ಗಿಡ ನೆಡಬೇಕೋ ಬೇಡವೋ. ಜೆಟ್ಟಿನ ವಿಚಾರಕ್ಕೆ ಐದು ದಿನದ ಮುನ್ಸೂಚನೆ. ಕಣದ ಟಾರ್ಪಾಲಿಗೆ ಮೂರು ತಾಸಿನದು. ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು.

ಮುನ್ಸೂಚನೆ ಹೇಳುವವರಿಗೆ ನನ್ನದೊಂದು ಬೇಡಿಕೆಯೂ ಇದೆ. ಮಲೆನಾಡಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹದಿನೈದು ದಿನಕ್ಕೊಮ್ಮೆ ಒಂದು ಮಾತು ಹೇಳಿ: ಮುಂದಿನ ಪಕ್ಷದಲ್ಲಿ ಒಂದು ಇಂಚಿನ ಮಳೆ ಬೀಳುವ ಸಾಧ್ಯತೆ ನೂರಕ್ಕೆ ಎಷ್ಟು? ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ನಮಗೆ ಬೇಡ, ನಮ್ಮ ಗಿಡಕ್ಕೆ ಒಂದು ಇಂಚಿನ ಗೆರೆ ಇದೆ, ಅದನ್ನು ದಾಟುತ್ತದೆಯೋ ಇಲ್ಲವೋ ಅಷ್ಟು ಸಾಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಬೆಂಗಳೂರಿನ ಯಲಹಂಕದಲ್ಲಿ, 1988ರಲ್ಲಿ ಬರ ಉಸ್ತುವಾರಿ ಘಟಕವೆಂದು ಶುರುವಾಗಿ ಬೆಳೆದ ಆ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಅದರ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ನಿಂತು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ವರುಣಮಿತ್ರ ಎಂಬ ಸಹಾಯವಾಣಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಗಿಡದ ವಿದ್ಯೆ ಅಲ್ಲಿ, ಮೋಡದ ವಿದ್ಯೆ ಇಲ್ಲಿ. ಎರಡೂ ಒಂದು ಮೇಜಿಗೆ ಬಂದು ಕೂತರೆ ಹೂಮಳೆಯ ಮುನ್ಸೂಚನೆ ಆಗದ ಕೆಲಸವಲ್ಲ.

ನಮ್ಮ ಪಾಲಿನದೂ ಒಂದಿದೆ. ಗೌಡರ ಜಗುಲಿಯ ಗೂಡಿನಲ್ಲಿ ಒಂದು ಉದ್ದ ಪುಸ್ತಕ ಇದೆ, ಅವರ ತಂದೆ ಶುರು ಮಾಡಿದ್ದು. ದಿನಕ್ಕೊಂದು ಸಾಲು: ತಾರೀಕು, ನಕ್ಷತ್ರ, ಇಂಚು, ಸೆಂಟು. ಕೆಲವು ಕಡೆ ಪಕ್ಕದಲ್ಲಿ ‘ಹೂ ಆಯಿತು’, ‘ಪಿಂಕ್’, ‘ಬ್ಯಾಕಿಂಗ್ ಇಲ್ಲ’ ಎಂದು ಸಣ್ಣ ಅಕ್ಷರ. ಶಾಯಿ ಬದಲಾಗಿದೆ, ಕೈಬರಹ ಬದಲಾಗಿದೆ, ಸಾಲು ತಪ್ಪಿಲ್ಲ. ಮೊನ್ನೆ ಅದನ್ನು ಬೇಲಿಯ ಮೇಲಿಟ್ಟುಕೊಂಡು ನಾವಿಬ್ಬರೂ ಮಾರ್ಚ್ ತಿಂಗಳುಗಳನ್ನಷ್ಟೇ ಓದಿದೆವು. ದೆಹಲಿಯ ಕಂಪ್ಯೂಟರು ಹೇಳಲಾರದ ಒಂದು ಸಂಗತಿ ಆ ಪುಸ್ತಕದಲ್ಲಿತ್ತು. ಈ ಗುಡ್ಡದ ಈ ಮಗ್ಗುಲಿಗೆ ಮಾರ್ಚ್ ಮೂರನೇ ವಾರದ ಮೊದಲು ಪೂರ್ತಿ ಒಂದು ಇಂಚು ಬಿದ್ದ ವರ್ಷಗಳು ಬಹಳ ಕಡಿಮೆ. ಗೌಡರು ಪುಸ್ತಕ ಮುಚ್ಚಿ, “ಹಂಗಾದ್ರೆ ನಾಳೆ ಮೋಟಾರು ಇಳಿಸ್ತೀನಿ” ಎಂದರು.

ನಾನು ಪೇಟೆಯಿಂದ ಒಂದು ರೇನ್‌ಗೇಜು ತಂದು, ಮರದ ನೆರಳು ಬೀಳದ ಕಡೆ ಕಲ್ಲುಕಂಬದ ಮೇಲೆ ಕೂರಿಸಿದ್ದೇನೆ. ಹೊಸ ಪುಸ್ತಕಕ್ಕೆ ಗೆರೆ ಹಾಕಿದ್ದೇನೆ. ಬೆಳಗ್ಗೆ ಎಂಟೂವರೆಗೆ ಬೇಲಿಯ ಎರಡೂ ಕಡೆ ಅಳೆಯುತ್ತೇವೆ. ನಿನ್ನೆ ಸಂಜೆ ಮೂಡುಗಡೆಯಿಂದ ಮೊದಲ ಗುಡುಗು ಬಂತು. ಅವರಲ್ಲಿ ಅರವತ್ತೆರಡು ಸೆಂಟು, ನಮ್ಮಲ್ಲಿ ನಲವತ್ತೆಂಟು.